ಗಾಜು ನೀರಿನಲ್ಲಿ ಕರಗುತ್ತದೆಯೇ?

ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಹಾಕಿ ಕಲಕಿದರೆ ಏನಾಗುತ್ತದೆ? ಕರಗುತ್ತದೆ. ಸಕ್ಕರೆ? ಅದೂ ಕರಗುತ್ತದೆ. ಮರಳು? ಅದು ಕರಗದೆ ತಳದಲ್ಲಿ ಕೂರುತ್ತದೆ. ಇದನ್ನೆಲ್ಲ ನೀವು ತರಗತಿಯಲ್ಲಿ ಮಾಡಿ ನೋಡಿದ್ದೀರಿ. ಈಗ ಇನ್ನೊಂದು ಪ್ರಶ್ನೆ. ಆ ನೀರನ್ನು ತುಂಬಿಕೊಂಡು ನಿಂತಿರುವ ಗಾಜಿನ ಲೋಟವೂ ಕರಗುತ್ತದೆಯೇ?

ಈ ಪ್ರಶ್ನೆ ಕೇಳಿದಾಗಲೆಲ್ಲ ಮಕ್ಕಳು ನಗುತ್ತಾರೆ. "ಗಾಜು ಕರಗಿದರೆ ಲೋಟದ ನೀರೆಲ್ಲ ಚೆಲ್ಲಿ ಹೋಗುತ್ತದಲ್ಲ ಸಾರ್!" ಎನ್ನುತ್ತಾರೆ. ಉತ್ತರ ಜಾಣತನದ್ದೇ. ಆದರೂ ಸರಿಯಾದ ಉತ್ತರ ಬೇರೆ ಇದೆ. ಗಾಜು ನೀರಿನಲ್ಲಿ ಕರಗುತ್ತದೆ. ಆದರೆ ಬಹಳ ಬಹಳ ನಿಧಾನವಾಗಿ. ಒಂದು ಲೋಟ ಕರಗುವುದನ್ನು ಕಾಯುತ್ತ ಕುಳಿತರೆ ನಮ್ಮ ಆಯುಷ್ಯವಷ್ಟೇ ಅಲ್ಲ, ಮೊಮ್ಮಕ್ಕಳ ಆಯುಷ್ಯವೂ ಸಾಲದು.

ಹಾಗಾದರೆ ಇಷ್ಟು ನಿಧಾನವಾಗಿ ನಡೆಯುವ ಸಂಗತಿಯನ್ನು ನಾವೇಕೆ ತಿಳಿಯಬೇಕು? ಆಸ್ಪತ್ರೆಯಲ್ಲಿ ಚುಚ್ಚುಮದ್ದು ತುಂಬಿಟ್ಟ ಶೀಶೆ, ಮುರಿದ ಮೂಳೆಯನ್ನು ಕೂಡಿಸುವ ಗಾಜಿನ ಪುಡಿ, ಅಣು ವಿದ್ಯುತ್ ಸ್ಥಾವರದ ಅಪಾಯಕಾರಿ ತ್ಯಾಜ್ಯ ಇವೆಲ್ಲವೂ ಈ ಒಂದು ಪ್ರಶ್ನೆಗೆ ಅಂಟಿಕೊಂಡಿವೆ. ಗಾಜು ಎಷ್ಟು ಬೇಗ ಕರಗುತ್ತದೆ, ಯಾವಾಗ ಬೇಗ ಕರಗುತ್ತದೆ ಎಂಬುದನ್ನು ಬಲ್ಲವರು ಮಾತ್ರ ಇವನ್ನು ಸರಿಯಾಗಿ ತಯಾರಿಸಬಲ್ಲರು.

101 ದಿನ ಕಾದ ನೀರು

ಸುಮಾರು ಎರಡೂವರೆ ಶತಮಾನಗಳ ಹಿಂದೆ ಯೂರೋಪಿನ ವಿದ್ವಾಂಸರಲ್ಲಿ ಒಂದು ನಂಬಿಕೆ ಇತ್ತು. ನೀರನ್ನು ಬಹಳ ಕಾಲ ಕಾಯಿಸಿದರೆ ಅದರ ಸ್ವಲ್ಪ ಭಾಗ ಮಣ್ಣಾಗಿ ಮಾರ್ಪಡುತ್ತದೆ ಎಂಬುದೇ ಆ ನಂಬಿಕೆ. ಇದಕ್ಕೆ ಅವರ ಬಳಿ ಸಾಕ್ಷಿಯೂ ಇತ್ತು. ಬಟ್ಟಿ ಇಳಿಸಿದ ಶುದ್ಧ ನೀರನ್ನು ಗಾಜಿನ ಪಾತ್ರೆಯಲ್ಲಿ ಕುದಿಸಿ ಕುದಿಸಿ ಇಂಗಿಸಿದರೆ ತಳದಲ್ಲಿ ಸ್ವಲ್ಪ ಬಿಳಿ ಪುಡಿ ಉಳಿಯುತ್ತಿತ್ತು. ಶುದ್ಧ ನೀರಿನಲ್ಲಿ ಪುಡಿ ಎಲ್ಲಿಂದ ಬಂತು? ನೀರೇ ಮಣ್ಣಾಗಿರಬೇಕು!

ಫ್ರಾನ್ಸಿನ ಲೆವಾಸಿಯೆ ಎಂಬ ತರುಣ ವಿಜ್ಞಾನಿಗೆ ಈ ಮಾತಿನಲ್ಲಿ ನಂಬಿಕೆ ಬರಲಿಲ್ಲ. ವಾದ ಮಾಡುತ್ತ ಕೂರದೆ ಆತ ತಕ್ಕಡಿ ಹಿಡಿದನು. ಮೊದಲು ಒಂದು ಗಾಜಿನ ಪಾತ್ರೆಯನ್ನು ತೂಕ ಮಾಡಿದನು. ಅದರಲ್ಲಿ ಅನೇಕ ಬಾರಿ ಬಟ್ಟಿ ಇಳಿಸಿದ ಮಳೆನೀರನ್ನು ತುಂಬಿ ಬಾಯಿ ಮುಚ್ಚಿ, ಮತ್ತೆ ತೂಕ ಮಾಡಿದನು. ಮೇಲೇರಿದ ಆವಿ ತಣಿದು ಬಾಗಿದ ಕೊಳವೆಗಳ ಮೂಲಕ ಮತ್ತೆ ಒಳಕ್ಕೇ ಇಳಿಯುವಂತಹ ಪಾತ್ರೆ ಅದು. ಪೆಲಿಕನ್ ಹಕ್ಕಿ ಕತ್ತು ಬಗ್ಗಿಸಿ ಎದೆಗೆ ಕೊಕ್ಕು ತಾಗಿಸಿದಂತೆ ಕಾಣುತ್ತಿದ್ದುದರಿಂದ ಅದಕ್ಕೆ 'ಪೆಲಿಕನ್' ಎಂದೇ ಹೆಸರು. 1768ರ ಅಕ್ಟೋಬರ್ ತಿಂಗಳಲ್ಲಿ ಅದನ್ನು ಕಾಯಿಸಲು ಇಟ್ಟವನು 101 ದಿನಗಳ ನಂತರ ಕೆಳಗಿಳಿಸಿದನು.

ನೀರಿನಲ್ಲಿ ಸಣ್ಣ ಸಣ್ಣ ಚಕ್ಕೆಗಳು ತೇಲುತ್ತಿದ್ದವು. ಮುಚ್ಚಿದ ಪಾತ್ರೆಯ ಒಟ್ಟು ತೂಕ ಮಾತ್ರ ಬದಲಾಗಿರಲಿಲ್ಲ. ಅಂದರೆ ಹೊರಗಿನಿಂದ ಏನೂ ಒಳಗೆ ಬಂದಿರಲಿಲ್ಲ. ಆಮೇಲೆ ನೀರನ್ನು ಹೊರಕ್ಕೆ ಸುರಿದು ಬರಿಯ ಪಾತ್ರೆಯನ್ನು ತೂಗಿದನು. ಪಾತ್ರೆಯ ತೂಕ ಸುಮಾರು 17 ಗ್ರೇನ್‌ಗಳಷ್ಟು ಕಡಿಮೆಯಾಗಿತ್ತು! ಗ್ರೇನ್ ಎಂಬುದು ಆ ಕಾಲದ ತೂಕದ ಅಳತೆ. 17 ಗ್ರೇನ್ ಎಂದರೆ ಒಂದು ಗ್ರಾಮಿಗಿಂತ ಸ್ವಲ್ಪ ಕಡಿಮೆ. ನೀರನ್ನು ಇಂಗಿಸಿದಾಗ ಸಿಕ್ಕ ಪುಡಿ ಸುಮಾರು 20 ಗ್ರೇನ್. ಸ್ವಲ್ಪ ವ್ಯತ್ಯಾಸವಿದ್ದರೂ ಸಂಗತಿ ಸ್ಪಷ್ಟವಾಗಿತ್ತು. ನೀರು ಮಣ್ಣಾಗಿರಲಿಲ್ಲ. ಗಾಜು ನೀರಿಗೆ ಇಳಿದಿತ್ತು.

ಸ್ವೀಡನ್ನಿನ ಶೀಲೆ ಎಂಬ ರಸಾಯನ ವಿಜ್ಞಾನಿ ಇದೇ ಪ್ರಶ್ನೆಯನ್ನು ಬೇರೆ ದಾರಿಯಿಂದ ಬಿಡಿಸಿದನು. ಆತ ಇಂತಹ ಪುಡಿಯಲ್ಲಿ ಏನೇನಿದೆ ಎಂದು ಪರೀಕ್ಷಿಸಿ, ಗಾಜಿನಲ್ಲಿ ಇರುವ ವಸ್ತುಗಳೇ ಅದರಲ್ಲೂ ಇವೆ ಎಂದು ತೋರಿಸಿದನು. ಒಬ್ಬನು ತೂಗಿ ನೋಡಿದ, ಇನ್ನೊಬ್ಬನು ಬಿಡಿಸಿ ನೋಡಿದ. ಇಬ್ಬರಿಗೂ ಸಿಕ್ಕ ಉತ್ತರ ಒಂದೇ.

ಗಾಜಿನೊಳಗೆ ಏನಿದೆ?

ಗಾಜು ಏಕೆ ಕರಗುತ್ತದೆ ಎಂದು ತಿಳಿಯಲು ಅದು ಯಾವುದರಿಂದ ಆಗಿದೆ ಎಂದು ನೋಡಬೇಕು. ನಮ್ಮ ಕಿಟಕಿ, ಶೀಶೆ, ಲೋಟಗಳ ಗಾಜಿಗೆ ಮುಖ್ಯವಾಗಿ ಮೂರು ಸಾಮಗ್ರಿಗಳು ಬೇಕು. ಮರಳು, ಸೋಡಾ, ಸುಣ್ಣದಕಲ್ಲು. ನೂರು ಕಿಲೋ ಗಾಜಿನಲ್ಲಿ ಸುಮಾರು 72 ಕಿಲೋ ಮರಳಿನ ಸಿಲಿಕಾ, 14 ಕಿಲೋ ಸೋಡಾದ ಅಂಶ, 10 ಕಿಲೋ ಸುಣ್ಣದ ಅಂಶ ಇರುತ್ತದೆ. ಉಳಿದದ್ದು ಮೆಗ್ನೀಷಿಯಂ, ಅಲ್ಯೂಮಿನಿಯಂ ಮೊದಲಾದವುಗಳ ಆಕ್ಸೈಡ್‌ಗಳು.

ಸಿಲಿಕಾ ಎಂದರೆ ಸಿಲಿಕಾನ್ ಮತ್ತು ಆಕ್ಸಿಜನ್ ಸೇರಿ ಆದ ವಸ್ತು. ಒಂದು ಸಿಲಿಕಾನ್ ಪರಮಾಣುವಿಗೆ ನಾಲ್ಕು ಕೈಗಳು, ಒಂದು ಆಕ್ಸಿಜನ್ ಪರಮಾಣುವಿಗೆ ಎರಡು ಕೈಗಳು ಎಂದುಕೊಳ್ಳಿ. ಪ್ರತಿ ಸಿಲಿಕಾನ್ ನಾಲ್ಕು ಆಕ್ಸಿಜನ್‌ಗಳನ್ನು ಹಿಡಿದಿರುತ್ತದೆ. ಪ್ರತಿ ಆಕ್ಸಿಜನ್ ಎರಡು ಸಿಲಿಕಾನ್‌ಗಳ ನಡುವೆ ಸೇತುವೆಯಾಗಿರುತ್ತದೆ. ಆಟದ ಬಯಲಿನಲ್ಲಿ ನೂರಾರು ಮಕ್ಕಳು ಕೈ ಕೈ ಹಿಡಿದು ಬಲೆಯಂತೆ ನಿಂತ ಹಾಗೆ. ಈ ಬಲೆ ಬಹಳ ಗಟ್ಟಿ. ಅದಕ್ಕೇ ಬರಿಯ ಸಿಲಿಕಾವನ್ನು ಕರಗಿಸಿ ದ್ರವ ಮಾಡಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು.

ಅಷ್ಟು ಶಾಖ ಕೊಡುವುದು ಹಿಂದಿನವರಿಗೆ ಸಾಧ್ಯವಿರಲಿಲ್ಲ. ಅದಕ್ಕೆ ಅವರು ಮರಳಿಗೆ ಸೋಡಾ ಬೆರೆಸುವ ಉಪಾಯ ಕಂಡುಕೊಂಡರು. ಸೋಡಾದಲ್ಲಿರುವ ಸೋಡಿಯಂ ಬಲೆಯೊಳಗೆ ನುಗ್ಗಿ ಅಲ್ಲಲ್ಲಿ ಕೈಗಳನ್ನು ಬಿಡಿಸುತ್ತದೆ. ಬಲೆ ಸಡಿಲವಾಗುತ್ತದೆ. ಆಗ ಕೆಲವು ನೂರು ಡಿಗ್ರಿ ಕಡಿಮೆ ಶಾಖದಲ್ಲೇ ಮರಳು ಕರಗುತ್ತದೆ. ಕೈ ಬಿಟ್ಟ ಆಕ್ಸಿಜನ್ ಪಕ್ಕದಲ್ಲಿ ಸೋಡಿಯಂ ಹೋಗಿ ಕುಳಿತುಕೊಳ್ಳುತ್ತದೆ. ಆದರೆ ಅದರ ಹಿಡಿತ ಗಟ್ಟಿಯಲ್ಲ. ಬೇರೆ ಯಾರಾದರೂ ಬಂದು 'ಏಳು' ಎಂದರೆ ಎದ್ದು ಹೋಗುವ ಸ್ವಭಾವ ಅದರದ್ದು.

ಬರಿಯ ಮರಳು ಮತ್ತು ಸೋಡಾ ಸೇರಿಸಿ ಕರಗಿಸಿದರೆ ಏನಾಗುತ್ತದೆ ಗೊತ್ತೇ? ನೋಡಲು ಗಾಜಿನಂತೆಯೇ ಇರುವ ವಸ್ತು ಸಿಗುತ್ತದೆ. ಆದರೆ ಅದು ನೀರಿನಲ್ಲಿ ಕರಗಿಹೋಗುತ್ತದೆ! ಇದೇ ಸೋಡಿಯಂ ಸಿಲಿಕೇಟ್. ಇದರ ದ್ರಾವಣಕ್ಕೆ 'ವಾಟರ್ ಗ್ಲಾಸ್' ಎನ್ನುತ್ತಾರೆ. ವಿಜ್ಞಾನ ಮೇಳಗಳಲ್ಲಿ ಬಣ್ಣ ಬಣ್ಣದ ಹರಳುಗಳನ್ನು ಹಾಕಿ ಗಿಡಗಳಂತೆ ಬೆಳೆಸುವ 'ರಾಸಾಯನಿಕ ತೋಟ' ನೋಡಿದ್ದೀರಲ್ಲವೇ? ಆ ದ್ರಾವಣ ಇದೇ.

ಹೀಗೆ ಕರಗುವುದನ್ನು ತಡೆಯಲೆಂದೇ ಸುಣ್ಣದಕಲ್ಲು ಬೇಕು. ಅದರಲ್ಲಿರುವ ಕ್ಯಾಲ್ಸಿಯಂಗೆ ಸೋಡಿಯಂಗಿಂತ ಒಂದು ಕೈ ಹೆಚ್ಚು. ಅದು ಎರಡು ಸಡಿಲ ಕೈಗಳನ್ನು ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಬಲೆ ಮತ್ತೆ ಬಿಗಿಯಾಗುತ್ತದೆ.

ನೀರು ಮಾಡುವ ಎರಡು ಕೆಲಸ

ಈಗ ಈ ಗಾಜಿಗೆ ನೀರು ತಾಗಿತು ಎನ್ನಿ. ಎರಡು ಕೆಲಸಗಳು ನಡೆಯುತ್ತವೆ.

ಮೊದಲನೆಯದು ಅದಲು ಬದಲು. ನೀರಿನಲ್ಲಿರುವ ಪುಟ್ಟ ಹೈಡ್ರೋಜನ್ ಅಯಾನು ಗಾಜಿನೊಳಗೆ ತೂರಿ ಸೋಡಿಯಂ ಕುಳಿತ ಜಾಗವನ್ನು ಹಿಡಿಯುತ್ತದೆ. ಸೋಡಿಯಂ ಎದ್ದು ನೀರಿಗೆ ಬರುತ್ತದೆ. ಗಾಜಿನ ಮೇಲ್ಮೈಯಲ್ಲಿ ಸೋಡಿಯಂ ಇಲ್ಲದ ತೆಳುವಾದ ಪದರ ಉಂಟಾಗುತ್ತದೆ. ಇತ್ತ ನೀರಿನಲ್ಲಿ ಏನಾಯಿತು? ಹೈಡ್ರೋಜನ್ ಅಯಾನು ಕಡಿಮೆಯಾಯಿತು. ಹೈಡ್ರಾಕ್ಸೈಡ್ ಅಯಾನು ಉಳಿಯಿತು. ಅದರ ಜೊತೆಗೆ ಸೋಡಿಯಂ ಬಂದು ಸೇರಿತು. ಅಂದರೆ ನೀರು ಕ್ಷಾರವಾಯಿತು.

ಎರಡನೆಯದು ಬಲೆ ಕತ್ತರಿಸುವುದು. ಹೈಡ್ರಾಕ್ಸೈಡ್ ಅಯಾನು ಸಿಲಿಕಾನ್ ಮತ್ತು ಆಕ್ಸಿಜನ್ ನಡುವಿನ ಹಿಡಿತವನ್ನೇ ಬಿಡಿಸುತ್ತದೆ. ಬಲೆಯ ಎಳೆ ಎಳೆ ಬಿಚ್ಚಿ ಸಿಲಿಕಾ ನೀರಿಗೆ ಸೇರುತ್ತದೆ. ನೀರು ಹೆಚ್ಚು ಕ್ಷಾರವಾದಷ್ಟೂ ಈ ಕೆಲಸ ಜೋರಾಗುತ್ತದೆ. ಪಿಎಚ್ 9 ದಾಟಿದ ಮೇಲಂತೂ ವೇಗ ಹೆಚ್ಚುತ್ತಲೇ ಹೋಗುತ್ತದೆ.

ನೋಡಿದಿರಾ, ಮೊದಲನೆಯ ಕೆಲಸ ಎರಡನೆಯ ಕೆಲಸಕ್ಕೆ ಕತ್ತಿಯನ್ನು ಮಸೆದು ಕೊಡುತ್ತದೆ!

ಪ್ರೌಢಶಾಲೆಯ ಪ್ರಯೋಗಾಲಯಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಗಾಜಿನ ಬಿರಡೆ ಇರುವ ಶೀಶೆಯಲ್ಲಿ ಬಹಳ ಕಾಲ ಇಟ್ಟರೆ ಬಿರಡೆ ಕಚ್ಚಿಕೊಂಡು ತೆಗೆಯಲು ಬರುವುದೇ ಇಲ್ಲ. ಕ್ಷಾರವು ಬಿರಡೆಯ ಮತ್ತು ಕತ್ತಿನ ಗಾಜನ್ನು ತಿಂದಿರುತ್ತದೆ. ಅಲ್ಲಿ ಹುಟ್ಟಿದ ವಸ್ತುಗಳು ಒಣಗಿ ಗಾರೆಯಂತೆ ಹಿಡಿದಿರುತ್ತವೆ. ಅದಕ್ಕೇ ಈ ದ್ರಾವಣವನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಇಡಬೇಕು ಎನ್ನುವುದು.

ಒಂದು ಹನಿಗೂ ಹೊಳೆಗೂ ವ್ಯತ್ಯಾಸ

ಗಾಜನ್ನು ಹೆಚ್ಚು ಹಾಳುಮಾಡುವುದು ಯಾವುದು? ಸುರಿಯುವ ಮಳೆಯೋ, ಕುಳಿತ ಒಂದು ಹನಿಯೋ? ಯೋಚಿಸಿ ಹೇಳಿ.

ಮಳೆ ಎಂದು ನಿಮಗೆ ಅನ್ನಿಸಿರಬಹುದು. ಕಿಟಕಿಯ ಗಾಜಿನ ಮಟ್ಟಿಗೆ ನಿಜವಾದ ಉತ್ತರ ಹನಿ! ಮಳೆಯ ನೀರು ಹರಿದು ಹೋಗುವಾಗ ಹೊರಬಂದ ಸೋಡಿಯಂ ಅನ್ನು ತೊಳೆದುಕೊಂಡು ಹೋಗುತ್ತದೆ. ಗಾಜಿನ ಮೇಲೆ ಕ್ಷಾರ ನಿಲ್ಲುವುದಿಲ್ಲ. ಆದರೆ ಒಂದರ ಮೇಲೊಂದು ಒರಗಿಸಿಟ್ಟ ಎರಡು ಗಾಜಿನ ಹಾಳೆಗಳ ನಡುವೆ ತೆಳುವಾದ ತೇವ ಸಿಕ್ಕಿಹಾಕಿಕೊಂಡರೆ? ನೀರು ಕಡಿಮೆ, ಗಾಜಿನ ಮೇಲ್ಮೈ ಹೆಚ್ಚು. ಹೊರಬಂದ ಸೋಡಿಯಂ ಎಲ್ಲಿಗೂ ಹೋಗುವಂತಿಲ್ಲ. ಆ ಇಷ್ಟೇ ಇಷ್ಟು ನೀರು ಬೇಗನೆ ಕ್ಷಾರವಾಗಿ ಗಾಜನ್ನು ತಿನ್ನತೊಡಗುತ್ತದೆ. ಮಳೆಗಾಲದಲ್ಲಿ ತೇವದ ಗೋದಾಮಿನಲ್ಲಿಟ್ಟ ಹೊಸ ಗಾಜು ಮಬ್ಬಾಗುವುದು ಹೀಗೆ. ಇದನ್ನು ತಪ್ಪಿಸಲು ಕಾರ್ಖಾನೆಯವರು ಹಾಳೆಗಳ ನಡುವೆ ಕಾಗದವನ್ನು ಇಡುತ್ತಾರೆ, ಇಲ್ಲವೇ ಆಮ್ಲ ಗುಣವಿರುವ ಪುಡಿಯನ್ನು ಉದುರಿಸುತ್ತಾರೆ. ಆಮ್ಲವು ಕ್ಷಾರವನ್ನು ತಟಸ್ಥಗೊಳಿಸುತ್ತದೆ ಎಂಬ ಪಾಠ ಇಲ್ಲಿ ಕೆಲಸಕ್ಕೆ ಬಂತಲ್ಲವೇ?

ಮಾಡಿ ನೋಡಿ: ಕಲೆಯೋ, ಗಾಯವೋ?

ಕೊಳವೆ ಬಾವಿಯ ಗಡಸು ನೀರು ಒಣಗಿದ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಗಾಜು ಕರಗಿದಾಗಲೂ ಬಿಳಿ ಮಬ್ಬು ಕಾಣುತ್ತದೆ. ಎರಡೂ ಒಂದೇ ಅಲ್ಲ. ಒಂದರಲ್ಲಿ ಗಾಜಿನ ಮೇಲೆ ಏನೋ ಕುಳಿತಿದೆ. ಇನ್ನೊಂದರಲ್ಲಿ ಗಾಜಿನಿಂದ ಏನೋ ಹೋಗಿದೆ. ಕಂಡುಹಿಡಿಯುವುದು ಹೇಗೆ?

ಮಬ್ಬಾದ ಹಳೆಯ ಗಾಜಿನ ಶೀಶೆ ಅಥವಾ ಲೋಟವನ್ನು ತೆಗೆದುಕೊಳ್ಳಿ. ಅಂಚು ಒಡೆದಿರಬಾರದು. ಬಿಳಿ ಭಾಗದ ಮೇಲೆ ನಿಂಬೆರಸ ಹಚ್ಚಿ ಹತ್ತು ನಿಮಿಷ ಬಿಡಿ. ನಂತರ ಬಟ್ಟೆಯಿಂದ ಉಜ್ಜಿ ತೊಳೆದು ಒಣಗಿಸಿ. ಬಿಳುಪು ಹೋಯಿತೇ? ಹಾಗಾದರೆ ಅದು ಸುಣ್ಣದ ಕಲೆ. ಹಚ್ಚುವಾಗ ಸಣ್ಣ ಗುಳ್ಳೆಗಳು ಬಂದರೆ ಅದು ಇಂಗಾಲದ ಡೈಆಕ್ಸೈಡ್. ಎರಡು ಮೂರು ಸಲ ಹಚ್ಚಿದರೂ ಮಬ್ಬು ಹಾಗೆಯೇ ಉಳಿದರೆ, ಒದ್ದೆಯಿದ್ದಾಗ ಮಾಯವಾಗಿ ಒಣಗಿದ ಮೇಲೆ ಮತ್ತೆ ಕಂಡರೆ, ಅದು ಗಾಜಿಗೇ ಆದ ಗಾಯ ಇರಬಹುದು. ಅದನ್ನು ಯಾವ ಹುಳಿಯೂ ತೆಗೆಯಲಾರದು.

ಹಳೆಯ ಗಾಜು ಹೇಳುವ ಕಥೆ

ಎರಡು ಸಾವಿರ ವರ್ಷಗಳ ಹಿಂದೆ ರೋಮನ್ನರ ಕಾಲದಲ್ಲಿ ಮಾಡಿದ ಗಾಜಿನ ಪಾತ್ರೆಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಮಣ್ಣಿನಲ್ಲಿ ಹೂತಿದ್ದ ಕೆಲವದರ ಮೇಲೆ ಕಾಮನಬಿಲ್ಲಿನ ಬಣ್ಣಗಳು ಹೊಳೆಯುತ್ತವೆ. ಆ ಬಣ್ಣ ಹಚ್ಚಿದ್ದಲ್ಲ. ಮೇಲ್ಮೈ ಪದರ ಪದರವಾಗಿ ಸವೆದಾಗ ಆ ತೆಳು ಪದರಗಳ ಮೇಲೆ ಬಿದ್ದ ಬೆಳಕು ಹೀಗೆ ಕಾಣುತ್ತದೆ. ನೀರಿನ ಮೇಲೆ ಹರಡಿದ ಎಣ್ಣೆಯಲ್ಲಿ ಬಣ್ಣ ಕಾಣುವ ಹಾಗೆ.

ಆದರೆ ಅದಕ್ಕಿಂತ ಎಷ್ಟೋ ಈಚೆಗೆ, ಮಧ್ಯಯುಗದಲ್ಲಿ, ಉತ್ತರ ಯೂರೋಪಿನ ಚರ್ಚುಗಳಿಗೆ ಹಾಕಿದ ಬಣ್ಣದ ಕಿಟಕಿಗಳ ಗಾಜು ರೋಮನ್ ಗಾಜಿಗಿಂತ ಹೆಚ್ಚು ಹಾಳಾಗಿದೆ. ಏಕೆ? ರೋಮನ್ನರ ಗಾಜಿಗೆ ಬಳಸುತ್ತಿದ್ದುದು ಈಜಿಪ್ಟಿನ ಒಣ ಸರೋವರಗಳಲ್ಲಿ ಸಿಗುವ ಸೋಡಾ. ಉತ್ತರ ಯೂರೋಪಿನವರು ಕಾಡಿನ ಮರ ಸುಟ್ಟು ಬಂದ ಬೂದಿಯನ್ನು ಬಳಸಿದರು. ಬೂದಿಯಲ್ಲಿ ಪೊಟ್ಯಾಸಿಯಂ ಹೆಚ್ಚು. ಆ ಗಾಜಿನಲ್ಲಿ ಸಿಲಿಕಾ ಕಡಿಮೆ. ಬಲೆಯೇ ತೆಳು. ಹೀಗಾಗಿ ನೀರಿಗೆ ಅದು ಸುಲಭವಾಗಿ ಸೋತಿತು. ಇಂಗ್ಲೆಂಡಿನ ಯಾರ್ಕ್ ನಗರದ ದೊಡ್ಡ ಚರ್ಚಿನಲ್ಲಿ 1405ರಿಂದ 1408ರ ಅವಧಿಯಲ್ಲಿ ಮಾಡಿದ ಬೃಹತ್ ಕಿಟಕಿಯೊಂದಿದೆ. ಈಚೆಗೆ ಅದನ್ನು ದುರಸ್ತಿ ಮಾಡಿದಾಗ, ಮಳೆಯೂ ತೇವವೂ ಹಳೆಯ ಗಾಜಿಗೆ ತಾಗದಂತೆ ಹೊರಬದಿಗೆ ಇನ್ನೊಂದು ಗಾಜಿನ ಹೊದಿಕೆ ಹಾಕಿದ್ದಾರೆ. ಗಾಜಿಗೆ ಗಾಜೇ ಕೊಡೆ!

ಚುಚ್ಚುಮದ್ದಿನ ಶೀಶೆ

ಆರೋಗ್ಯ ಕೇಂದ್ರದಲ್ಲಿ ನರ್ಸ್ ಅಕ್ಕ ಚುಚ್ಚುಮದ್ದು ಕೊಡುವ ಮೊದಲು ಶೀಶೆಯನ್ನು ಬೆಳಕಿಗೆ ಹಿಡಿದು ನೋಡುವುದನ್ನು ಗಮನಿಸಿದ್ದೀರಾ? ಔಷಧಿಯಲ್ಲಿ ಯಾವ ಕಣವೂ ತೇಲುತ್ತಿರಬಾರದು. ಅದು ನೇರವಾಗಿ ನಮ್ಮ ದೇಹದೊಳಕ್ಕೆ ಹೋಗುವ ವಸ್ತು.

ಔಷಧಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಶೀಶೆಯಲ್ಲಿ ನಿಂತಿರುತ್ತದೆ. ಶೀಶೆ ಸಾಮಾನ್ಯ ಗಾಜಿನದಾದರೆ ಸೋಡಿಯಂ ಹೊರಬಂದು ಔಷಧಿ ಕ್ಷಾರವಾಗಬಹುದು, ಅದರ ಗುಣ ಕೆಡಬಹುದು. ಇದಕ್ಕೆ ಪರಿಹಾರ ಬೋರೋಸಿಲಿಕೇಟ್ ಗಾಜು. ಇದನ್ನು 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಓಟ್ಟೊ ಶಾಟ್ ಎಂಬ ವಿಜ್ಞಾನಿ ತಯಾರಿಸಿದನು. ಇದರಲ್ಲಿ ಸಿಲಿಕಾ ಸುಮಾರು 80 ಭಾಗ, ಬೋರಾನ್ ಆಕ್ಸೈಡ್ ಸುಮಾರು 13 ಭಾಗ. ಸೋಡಾದ ಅಂಶ ಕೇವಲ 4 ಭಾಗ. ಬೋರಾನ್ ತಾನೂ ಬಲೆಯಲ್ಲಿ ಸೇರಿಕೊಂಡು ಕೈ ಹಿಡಿಯುತ್ತದೆ. ಕರಗಿಸುವುದು ಸುಲಭವಾಗುತ್ತದೆ, ಸೋಡಾ ಹೆಚ್ಚು ಬೇಕಾಗುವುದಿಲ್ಲ. ನಿಮ್ಮ ಶಾಲೆಯ ಒಳ್ಳೆಯ ಬೀಕರುಗಳು, ಪ್ರನಾಳಗಳು ಇದೇ ಗಾಜಿನವು. ಕೊರೋನಾ ಲಸಿಕೆ ತುಂಬಿದ ಶೀಶೆಗಳಿಗೂ ಹೆಚ್ಚಾಗಿ ಬಳಸಿದ್ದು ಇದೇ ಬಗೆಯ ಗಾಜು.

ಶೀಶೆಯ ಗಾಜು ಯೋಗ್ಯವೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಗಾಜನ್ನು ಕುಟ್ಟಿ ಒಂದೇ ಗಾತ್ರದ ಕಾಳುಗಳಾಗಿ ಜರಡಿ ಹಿಡಿಯುತ್ತಾರೆ. ಶುದ್ಧ ನೀರಿನಲ್ಲಿ ಹಾಕಿ 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಬೇಯಿಸುತ್ತಾರೆ. ನಮ್ಮ ಪ್ರೆಶರ್ ಕುಕ್ಕರಿನಂತಹದೇ ದೊಡ್ಡ ಪಾತ್ರೆ ಅದು. ಆಮೇಲೆ ಆ ನೀರಿಗೆ ಹನಿ ಹನಿಯಾಗಿ ಆಮ್ಲ ಸೇರಿಸಿ, ಕ್ಷಾರ ಎಷ್ಟು ಹೊರಬಂದಿದೆ ಎಂದು ಅಳೆಯುತ್ತಾರೆ. ಆಮ್ಲ ಕಡಿಮೆ ಹಿಡಿದಷ್ಟೂ ಗಾಜು ಒಳ್ಳೆಯದು. ವರ್ಷಗಳಲ್ಲಿ ಆಗುವುದನ್ನು ಶಾಖ ಅರ್ಧ ಗಂಟೆಯಲ್ಲಿ ತೋರಿಸಿಕೊಡುತ್ತದೆ.

ಇಷ್ಟೆಲ್ಲ ಮಾಡಿದರೂ ಎಚ್ಚರ ತಪ್ಪುವಂತಿಲ್ಲ. ಶೀಶೆ ತಯಾರಿಸುವಾಗ ಅತಿಯಾಗಿ ಕಾಯಿಸಿದರೆ, ಅಥವಾ ಒಳಗಿನ ಔಷಧಿ ಕ್ಷಾರ ಗುಣದ್ದಾದರೆ, ಒಳ ಮೇಲ್ಮೈಯಿಂದ ಕಣ್ಣಿಗೆ ಕಂಡೂ ಕಾಣದಂತಹ ತೆಳು ಚಕ್ಕೆಗಳು ಏಳಬಹುದು. ಇಂತಹ ಚಕ್ಕೆಗಳ ಬಗ್ಗೆ 2011ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಔಷಧಿ ತಯಾರಕರಿಗೆ ಎಚ್ಚರಿಕೆ ನೀಡಿತು. ಲೆವಾಸಿಯೆ ತನ್ನ ಪಾತ್ರೆಯಲ್ಲಿ ಕಂಡದ್ದೂ ಚಕ್ಕೆಗಳನ್ನೇ ಅಲ್ಲವೇ?

ಕರಗಲೆಂದೇ ಮಾಡಿದ ಗಾಜು

ಗಾಜು ಕರಗುವುದು ಯಾವಾಗಲೂ ಕೆಟ್ಟದ್ದೇ? ಹಾಗೇನಿಲ್ಲ. 1969ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಹೆಂಚ್ ಎಂಬ ವಿಜ್ಞಾನಿ ಕರಗಲೆಂದೇ ಒಂದು ಗಾಜನ್ನು ತಯಾರಿಸಿದರು. ಅದರಲ್ಲಿ ಸಿಲಿಕಾ ಕೇವಲ 45 ಭಾಗ. ಸೋಡಾದ ಅಂಶ 24.5, ಸುಣ್ಣದ ಅಂಶ 24.5, ರಂಜಕದ ಅಂಶ 6. ಇದನ್ನು ಮೂಳೆಯ ಪಕ್ಕದಲ್ಲಿ ಇಟ್ಟರೆ ದೇಹದ ದ್ರವದಲ್ಲಿ ಬೇಗ ಬೇಗ ಕರಗತೊಡಗುತ್ತದೆ. ಹೊರಬಂದ ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ಗಾಜಿನ ಮೇಲೆಯೇ ಮೂಳೆಯ ಖನಿಜದಂತಹ ಪದರವಾಗುತ್ತದೆ. ಮೂಳೆ ಅದನ್ನು ಪರಕೀಯ ಎಂದು ದೂರ ಮಾಡದೆ ಅಂಟಿಕೊಂಡು ಬೆಳೆಯುತ್ತದೆ. ಕಿವಿಯೊಳಗಿನ ಪುಟ್ಟ ಮೂಳೆ, ಹಲ್ಲಿನ ಬುಡದ ಮೂಳೆ ಮೊದಲಾದವನ್ನು ಸರಿಪಡಿಸಲು ಇಂತಹ ಗಾಜನ್ನು ಬಳಸಿದ್ದಾರೆ.

ದನಕುರಿಗಳಿಗೂ ಕರಗುವ ಗಾಜು ಇದೆ. ಮೇವಿನಲ್ಲಿ ತಾಮ್ರ, ಕೋಬಾಲ್ಟ್, ಸೆಲೆನಿಯಂ ಕಡಿಮೆಯಿರುವ ಕಡೆ ದನ ಸೊರಗುತ್ತದೆ. ಬ್ರಿಟನ್ನಿನಲ್ಲಿ ಈ ಧಾತುಗಳನ್ನು ಸೇರಿಸಿದ ಫಾಸ್ಫೇಟ್ ಗಾಜಿನ ಗುಂಡನ್ನು ದನಕ್ಕೆ ನುಂಗಿಸುವ ಪದ್ಧತಿ ಇದೆ. ಅದು ಹೊಟ್ಟೆಯಲ್ಲಿ ಕುಳಿತು ಸುಮಾರು ಆರು ತಿಂಗಳ ಕಾಲ ನಿಧಾನವಾಗಿ ಕರಗುತ್ತದೆ. ದಿನವೂ ಔಷಧಿ ಕುಡಿಸುವ ಕೆಲಸ ತಪ್ಪುತ್ತದೆ.

ಸಾವಿರಾರು ವರ್ಷ ಉಳಿಯಬೇಕಾದ ಗಾಜು

ಇನ್ನು ಇದಕ್ಕೆ ತೀರ ವಿರುದ್ಧವಾದ ಕೆಲಸ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಇರುವುದು ನಿಮಗೆ ಗೊತ್ತು. ಬಳಸಿದ ಅಣು ಇಂಧನವನ್ನು ಸಂಸ್ಕರಿಸಿದಾಗ ತೀವ್ರ ವಿಕಿರಣ ಸೂಸುವ ದ್ರವ ತ್ಯಾಜ್ಯ ಉಳಿಯುತ್ತದೆ. ಅದು ನೀರಿಗೆ, ಮಣ್ಣಿಗೆ ಸೇರಬಾರದು. ನಮ್ಮ ದೇಶದಲ್ಲಿ ತಾರಾಪುರ, ಟ್ರಾಂಬೆ ಮತ್ತು ಕಲ್ಪಾಕ್ಕಂಗಳಲ್ಲಿ ಈ ತ್ಯಾಜ್ಯವನ್ನು ಬೋರೋಸಿಲಿಕೇಟ್ ಗಾಜಿನೊಂದಿಗೆ ಕರಗಿಸಿ, ಉಕ್ಕಿನ ಡಬ್ಬಿಗಳಲ್ಲಿ ಎರಕ ಹೊಯ್ದು ಗಟ್ಟಿಯಾಗಿಸುತ್ತಾರೆ. ತ್ಯಾಜ್ಯ ಗಾಜಿನ ಚೀಲದೊಳಗೆ ಇರುವುದಿಲ್ಲ. ಅದರ ಪರಮಾಣುಗಳು ಗಾಜಿನ ಬಲೆಯಲ್ಲೇ ಸೇರಿಹೋಗಿರುತ್ತವೆ. ಗಾಜು ಕರಗಿದರೆ ಮಾತ್ರ ಅವು ಹೊರಬರಬೇಕು.

ಆದರೆ ಸಾವಿರಾರು ವರ್ಷಗಳ ನಂತರ ಈ ಗಾಜು ಹೇಗಿರುತ್ತದೆ? ಅಷ್ಟು ವರ್ಷ ಕಾದು ನೋಡುವ ಪ್ರಯೋಗ ಯಾರಿಂದಲೂ ಆಗದು. ಅದಕ್ಕೆ ವಿಜ್ಞಾನಿಗಳು ಹಳೆಯ ಗಾಜನ್ನೇ ಹುಡುಕಿದರು. ಫ್ರಾನ್ಸಿನ ದಕ್ಷಿಣ ತೀರದ ಆಂಬಿಯೆ ದ್ವೀಪದ ಬಳಿ ಸುಮಾರು 1800 ವರ್ಷಗಳ ಹಿಂದೆ ಗಾಜಿನ ಗಟ್ಟಿಗಳನ್ನು ಹೊತ್ತ ರೋಮನ್ ಹಡಗೊಂದು ಮುಳುಗಿತ್ತು. ಅಷ್ಟು ಕಾಲ ಸಮುದ್ರದಲ್ಲಿದ್ದ ಆ ಗಟ್ಟಿಗಳನ್ನು ಕೊಯ್ದು ಪರೀಕ್ಷಿಸಿದರು. ಸಮುದ್ರದ ನೀರು ಹೊಸದಾಗಿ ಬಂದು ತಾಗುತ್ತಿದ್ದ ಹೊರಮೈ ಹೆಚ್ಚು ಕರಗಿತ್ತು. ಒಳಗಿನ ಕಿರಿದಾದ ಬಿರುಕುಗಳಲ್ಲಿ, ನೀರು ನಿಂತೇ ಇದ್ದ ಕಡೆ, ಗಾಜು ಬಹಳ ಕಡಿಮೆ ಹಾಳಾಗಿತ್ತು!

ಇದೇನಿದು, ನಿಂತ ನೀರೇ ಕೆಟ್ಟದ್ದು ಎಂದು ಈಗ ತಾನೇ ಓದಿದೆವಲ್ಲ? ಇಲ್ಲಿಯೇ ವಿಷಯದ ತಿರುಳು ಇರುವುದು. ನಿಂತ ನೀರಿನಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಒಂದು, ನೀರು ಕ್ಷಾರವಾಗುತ್ತದೆ, ಅದರಿಂದ ಕರಗುವುದು ಜೋರಾಗುತ್ತದೆ. ಎರಡು, ನೀರಿನಲ್ಲಿ ಸಿಲಿಕಾ ತುಂಬಿಕೊಳ್ಳುತ್ತದೆ. ಸಕ್ಕರೆ ಹಾಕುತ್ತಲೇ ಹೋದರೆ ಒಂದು ಹಂತದಲ್ಲಿ ನೀರು 'ಇನ್ನು ಸಾಕು' ಎನ್ನುವುದಿಲ್ಲವೇ, ಹಾಗೆ. ಜೊತೆಗೆ ಗಾಜಿನ ಮೇಲೆ ಲೋಳೆಯಂತಹ ರಕ್ಷಣಾ ಪದರವೂ ಬೆಳೆಯುತ್ತದೆ. ಇದರಿಂದ ಕರಗುವುದು ನಿಧಾನವಾಗುತ್ತದೆ. ಸೋಡಾ ಹೆಚ್ಚಿರುವ ಗಾಜಿನ ಮೇಲೆ ತೆಳು ತೇವ ಕುಳಿತರೆ ಮೊದಲನೆಯದು ಗೆಲ್ಲುತ್ತದೆ. ಗಟ್ಟಿ ಬಲೆಯ ಗಾಜಿನ ಬಿರುಕಿನಲ್ಲಿ ಎರಡನೆಯದು ಗೆಲ್ಲುತ್ತದೆ. ಯಾವುದು ಗೆಲ್ಲಬೇಕು ಎಂಬುದನ್ನು ಗಾಜಿನ ಸಾಮಗ್ರಿಗಳನ್ನು ಆರಿಸುವಾಗಲೇ ಗಾಜು ತಯಾರಿಸುವವರು ಬಹುಮಟ್ಟಿಗೆ ನಿರ್ಧರಿಸುತ್ತಾರೆ. ಮೂಳೆಯ ಗಾಜು, ಔಷಧಿಯ ಶೀಶೆ, ಅಣು ತ್ಯಾಜ್ಯದ ಗಾಜು ಮೂರಕ್ಕೂ ಒಂದೇ ನಿಯಮ, ಬೇರೆ ಬೇರೆ ಪಾಕ.

ಅಂದ ಹಾಗೆ, ಗಾಜಿನ ಲೋಟದಲ್ಲಿ ನೀರು ಕುಡಿಯಲು ಹೆದರಬೇಡಿ. ಅದರಿಂದ ನೀರಿಗೆ ಸೇರುವ ಸೋಡಿಯಂ ಮತ್ತು ಸಿಲಿಕಾ ಅತ್ಯಲ್ಪ. ಬಂಡೆಗಳ ನಡುವೆ ಹರಿದು ಬರುವ ಬಾವಿಯ ನೀರಿನಲ್ಲಿ ಅವು ಅದಕ್ಕಿಂತ ಹೆಚ್ಚೇ ಇರುತ್ತವೆ.

ಶಿಕ್ಷಕರಿಗೆ

ಗಾಜನ್ನು ಕುಟ್ಟುವುದು ಅಪಾಯ. ಮಕ್ಕಳಿಂದ ಮಾಡಿಸಬಾರದು. ಪರೀಕ್ಷೆಗೆ ಗಾಜನ್ನು ಕಾಳು ಮಾಡುವುದೇಕೆ ಎಂದು ತಿಳಿಸಲು ಕಲ್ಲುಸಕ್ಕರೆ ಸಾಕು. ಒಂದೇ ತೂಕದ ಎರಡು ಕಲ್ಲುಸಕ್ಕರೆ ತುಂಡುಗಳನ್ನು ಆರಿಸಿ, ಒಂದನ್ನು ಪುಡಿ ಮಾಡಿ. ಎರಡು ಲೋಟಗಳಲ್ಲಿ ಒಂದೇ ಅಳತೆಯ ನೀರು ತೆಗೆದುಕೊಂಡು ಒಟ್ಟಿಗೆ ಹಾಕಿಸಿ. ಕಲಕದೆ, ಯಾವುದು ಮೊದಲು ಕರಗಿತು ಎಂದು ಮಕ್ಕಳೇ ಸಮಯ ಬರೆದಿಡಲಿ. ನಂತರ ಈ ಪ್ರಶ್ನೆಗಳನ್ನು ಚರ್ಚೆಗೆ ಕೊಡಬಹುದು.

1. ಲೆವಾಸಿಯೆ ಪಾತ್ರೆಯ ಬಾಯಿ ಮುಚ್ಚದೆ ಕಾಯಿಸಿದ್ದರೆ ಅವನ ವಾದಕ್ಕೆ ಯಾವ ಆಕ್ಷೇಪ ಬರುತ್ತಿತ್ತು?

2. ಒದ್ದೆ ಲೋಟಗಳನ್ನು ಒಂದರೊಳಗೊಂದು ಸೇರಿಸಿ ಬಹಳ ಕಾಲ ಇಡುವುದು ಒಳ್ಳೆಯದೇ?

3. ನಿಮ್ಮ ಊರಿನ ಹಳೆಯ ಮನೆಯ ಕಿಟಕಿ ಗಾಜು ಮಬ್ಬಾಗಿದ್ದರೆ ಅದು ಕಲೆಯೋ ಗಾಯವೋ? ಹೇಗೆ ತಿಳಿದಿರಿ? ನೋಡಿದ್ದನ್ನು ನೋಡಿದ ಹಾಗೆಯೇ ಬರೆಯಿರಿ.